ತಂಗಿಯ ಸಹಿ ಕೇಳುವ ಮುನ್ನ



ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಗೆ ಒಮ್ಮೆಯಾದರೂ ಹೋಗದ ಕಥೋಲಿಕ ಕುಟುಂಬ ನಮ್ಮ ಕಡೆ ಅಪರೂಪ. ರೈತನೊಬ್ಬ ಹೊಲ ಉಳುತ್ತಿದ್ದಾಗ ಅವನಿಗೆ ಮರದ ಪ್ರತಿಮೆಯೊಂದು ಸಿಕ್ಕಿತು, ಅದನ್ನು ಬೊಂಬೆಯೆಂದು ತಿಳಿದು ಮಕ್ಕಳಿಗೆ ಆಡಲು ಕೊಟ್ಟ, ಆಮೇಲೆ ಕನಸಿನಲ್ಲಿ ಎಚ್ಚರಿಕೆ ದೊರೆತು ಚಿಕ್ಕ ಗುಡಿ ಕಟ್ಟಿದ ಎಂಬ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. 2019ರಲ್ಲಿ ಆ ಪುಣ್ಯಕ್ಷೇತ್ರ ಬಸಿಲಿಕದ ಪದವಿಗೇರಿತು. ಜೂನ್ 13ರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರುತ್ತಾರೆ.

ಸಂತ ಅಂತೋಣಿಯವರು ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು. ಕಿವಿಯ ಓಲೆ ಕಳೆದರೂ ಅವರನ್ನೇ ಕೇಳುತ್ತೇವೆ, ಮಗ ಮನೆ ಬಿಟ್ಟು ಹೋದರೂ ಅವರನ್ನೇ ಕೇಳುತ್ತೇವೆ. ಆದರೆ ಮೇಣದಬತ್ತಿ ಹಿಡಿದು ಆ ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಎಷ್ಟೋ ಮಂದಿ ಕಳೆದುಕೊಂಡಿರುವ ಒಂದು ವಸ್ತು ಇದೆ. ಅದನ್ನು ಅವರು ಸಂತರಲ್ಲಿ ಕೇಳುವುದೇ ಇಲ್ಲ. ಅದು ತಮ್ಮದಾಗಿತ್ತೆಂದು ಅವರಿಗೆ ಯಾರೂ ಹೇಳಿಲ್ಲ. ಅದೇ ತಂದೆಯ ಆಸ್ತಿಯಲ್ಲಿ ಮಗಳ ಪಾಲು. ಡೋರನಹಳ್ಳಿಯ ಪ್ರತಿಮೆಯಂತೆ ಅದೂ ಹೊಲದ ಮಣ್ಣಿನಲ್ಲೇ ಇದೆ. ಮೇಲೆ ನಾವು ಉಳುತ್ತಲೇ ಇದ್ದೇವೆ.

ಒಂದು ಸಹಿ

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಯಾವ ಸೀಮೆಯ ಹಳ್ಳಿಯಾದರೂ ಓದುವವರಿಗೆ ಗುರುತು ಸಿಕ್ಕೀತು.

ತಂದೆ ತೀರಿಕೊಂಡಿದ್ದಾರೆ. ಅವರ ಆತ್ಮಶಾಂತಿಗಾಗಿ ತಿಂಗಳ ಪೂಜೆ ಮುಗಿದಿದೆ. ಕೊಟ್ಟ ಮನೆಯಿಂದ ಹೆಣ್ಣುಮಕ್ಕಳು ಬಂದಿದ್ದಾರೆ. ಸಂಜೆ ಜಪಸರವಾಯಿತು, ಊಟವಾಯಿತು. ಮರುದಿನ ಬೆಳಿಗ್ಗೆ ತಮ್ಮ ಕಾರು ತರಿಸುತ್ತಾನೆ. "ಅಕ್ಕಾ, ತಾಲ್ಲೂಕು ಆಫೀಸ್ ತನಕ ಹೋಗಿ ಬರೋಣ. ಖಾತೆ ಮಾಡಿಸಬೇಕು, ಒಂದು ಸೈನ್ ಹಾಕ್ಬುಡು" ಎನ್ನುತ್ತಾನೆ. ಉಪ ನೋಂದಣಿ ಕಚೇರಿಯ ಜಗಲಿಯಲ್ಲಿ ಪತ್ರ ಮೊದಲೇ ಸಿದ್ಧವಾಗಿದೆ. ಯಾರೂ ಓದಿ ಹೇಳುವುದಿಲ್ಲ. ಅಕ್ಕನೂ ಕೇಳುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಾಳೆ, ಫೋಟೋ ತೆಗೆಸುತ್ತಾಳೆ. ಬರುವಾಗ ಹೋಟೆಲಿನಲ್ಲಿ ತಿಂಡಿ ಕೊಡಿಸುತ್ತಾರೆ. ಸಂಜೆ ಮಡಿಲಿಗೆ ಒಂದು ಸೀರೆ ಹಾಕಿ ಬಸ್ಸು ಹತ್ತಿಸುತ್ತಾರೆ.

ಆ ಪತ್ರದ ಹೆಸರು ಹಕ್ಕು ಬಿಡುಗಡೆ ಪತ್ರ. ಒಂದು ಸೀರೆ, ಒಂದು ಮಸಾಲೆ ದೋಸೆಗೆ ಅವಳ ಪಾಲಿನ ಜಮೀನು ಹೋಯಿತು.

ಅವಳು ಮೋಸ ಹೋದಳೆಂದು ಹೇಳಿಬಿಡುವುದು ಸುಲಭ. ಎಷ್ಟೋ ಸಾರಿ ಅವಳಿಗೆ ಎಲ್ಲವೂ ಗೊತ್ತಿರುತ್ತದೆ. ಸಹಿ ಹಾಕದಿದ್ದರೆ ನಾಳೆ ತವರಿನ ಬಾಗಿಲು ಮುಚ್ಚುತ್ತದೆ, ಹಬ್ಬಕ್ಕೆ ಕರೆಯುವವರಿಲ್ಲ, ಗಂಡ ಹೊಡೆದು ಹೊರಗೆ ಹಾಕಿದರೆ ಹೋಗಲು ಜಾಗವಿಲ್ಲ ಎಂಬ ಭಯದಿಂದ ಸಹಿ ಹಾಕುತ್ತಾಳೆ. ಭಯದಿಂದ ಬಿಟ್ಟುಕೊಟ್ಟದ್ದನ್ನು ಪ್ರೀತಿಯಿಂದ ಕೊಟ್ಟಳೆಂದು ನಾವು ಊರಿಗೆಲ್ಲ ಹೇಳುತ್ತೇವೆ. ಸಹಿ ಹಾಕಿದರೆ ಮಾತ್ರ ತೆರೆಯುವ ಬಾಗಿಲು ತವರಿನ ಬಾಗಿಲೇ? ನೀವೇ ಹೇಳಿ.

ಗುಡಾರದ ಬಾಗಿಲಲ್ಲಿ ಐವರು

ಪವಿತ್ರ ಗ್ರಂಥದಲ್ಲಿ ಐವರು ಅಕ್ಕತಂಗಿಯರ ಪ್ರಸಂಗವಿದೆ. ಸಂಖ್ಯಾಕಾಂಡದ 27ನೆಯ ಅಧ್ಯಾಯ ತೆರೆದು ನೋಡಿ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಇವರು ಚಲ್ಪಹಾದನ ಮಕ್ಕಳು. ತಂದೆ ಮರಳುಗಾಡಿನಲ್ಲಿ ತೀರಿಕೊಂಡಿದ್ದ, ಗಂಡು ಸಂತಾನವಿರಲಿಲ್ಲ. ವಾಗ್ದತ್ತ ನಾಡಿನ ಭೂಮಿ ಕುಲಕುಲಕ್ಕೆ ಹಂಚಿಕೆಯಾಗುವ ಹೊತ್ತು ಬಂದಾಗ ಐವರೂ ದೇವದರ್ಶನದ ಗುಡಾರದ ಬಾಗಿಲಿಗೆ ಬಂದರು. ಅಲ್ಲಿ ಮೋಶೆ ಇದ್ದ, ಯಾಜಕ ಎಲ್ಲಾಜಾರನಿದ್ದ, ಮುಖಂಡರಿದ್ದರು, ಜನಸಮೂಹವೆಲ್ಲ ನೆರೆದಿತ್ತು. ಗಂಡು ಮಗನಿಲ್ಲವೆಂದು ತಂದೆಯ ಹೆಸರು ಅಳಿಯಬೇಕೇ ಎಂದು ಕೇಳಿ, ತಂದೆಯ ಅಣ್ಣತಮ್ಮಂದಿರ ನಡುವೆ ತಮಗೂ ಭೂಮಿ ಕೊಡಬೇಕೆಂದರು.

ಮೋಶೆ ಅವರನ್ನು ಗದರಿಸಲಿಲ್ಲ. ತಾನೇ ತೀರ್ಮಾನಿಸಲೂ ಇಲ್ಲ. ಅವರ ಮಾತನ್ನು ದೇವರ ಮುಂದಿಟ್ಟ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯವಾಗಿದೆ ಎಂದು ಸರ್ವೇಶ್ವರ ತೀರ್ಪು ಕೊಟ್ಟರು. ಅದನ್ನು ಇಡೀ ಜನಾಂಗಕ್ಕೆ ಶಾಸನವನ್ನಾಗಿ ಮಾಡಿದರು. ಯೋಚಿಸಿ ನೋಡಿ: ಹೆಣ್ಣುಮಕ್ಕಳು ಎದ್ದು ನಿಂತು ಕೇಳಿದ ಪ್ರಶ್ನೆಯಿಂದ ಧರ್ಮಶಾಸ್ತ್ರಕ್ಕೇ ಒಂದು ವಿಧಿ ಸೇರಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಯೆಹೋಶುವನ ಗ್ರಂಥದ 17ನೆಯ ಅಧ್ಯಾಯದಲ್ಲಿ ಅದೇ ಐವರು ಮತ್ತೆ ಬರುತ್ತಾರೆ. ಮೋಶೆ ತೀರಿಕೊಂಡಿದ್ದಾನೆ, ಭೂಮಿ ಹಂಚಿಕೆ ನಡೆಯುತ್ತಿದೆ. ದೇವರು ಕೊಟ್ಟ ಮಾತನ್ನು ನೆನಪಿಸಿ ಅವರು ಮತ್ತೊಮ್ಮೆ ಕೇಳಬೇಕಾಯಿತು. ದೇವರೇ ಕೊಟ್ಟ ಹಕ್ಕನ್ನೂ ಹೆಣ್ಣು ಎರಡು ಸಾರಿ ಕೇಳಿ ಪಡೆಯಬೇಕಾಯಿತೆಂದ ಮೇಲೆ ನಮ್ಮ ಮನೆಯ ಮಗಳ ಕಷ್ಟ ಎಷ್ಟಿರಬೇಡ?

ಅಂದಿನ ಆ ಶಾಸನದಲ್ಲಿ ಗಂಡು ಮಕ್ಕಳಿಲ್ಲದಾಗ ಮಾತ್ರ ಹೆಣ್ಣಿಗೆ ಪಾಲು. ಆದರೆ ಯೋಬನ ಗ್ರಂಥದ ಕೊನೆಯಲ್ಲಿ ಒಬ್ಬ ತಂದೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಎಲ್ಲವನ್ನೂ ಕಳೆದುಕೊಂಡು ನೊಂದು ಬೆಂದ ಯೋಬನಿಗೆ ಮತ್ತೆ ಏಳು ಗಂಡು, ಮೂರು ಹೆಣ್ಣು ಮಕ್ಕಳಾದರು. ಆ ಹೆಣ್ಣುಮಕ್ಕಳಿಗೆ ಅವರ ಸಹೋದರರ ಜೊತೆಯಲ್ಲೇ ಅವನು ಸೊತ್ತು ಕೊಟ್ಟ (ಯೋಬ 42:15). ಗಂಡು ಮಕ್ಕಳ ಹೆಸರನ್ನು ಗ್ರಂಥ ಬರೆದಿಲ್ಲ. ಮೂವರು ಹೆಣ್ಣುಮಕ್ಕಳ ಹೆಸರನ್ನು ಬರೆದಿದೆ. ನೋವುಂಡ ತಂದೆಗೆ ಮಗಳ ಬೆಲೆ ತಿಳಿಯಿತು.

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಅನೇಕರಿಗೆ ಇದು ಗೊತ್ತಿಲ್ಲವಾದ್ದರಿಂದ ಬಿಡಿಸಿ ಹೇಳಬೇಕಾಗಿದೆ.

ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಹೆಂಡತಿಗೆ. ಉಳಿದದ್ದು ಮಕ್ಕಳಿಗೆ ಸಮಸಮ. ಗಂಡು ಹೆಣ್ಣು ಭೇದವಿಲ್ಲ, ಮದುವೆಯಾದವಳು ಆಗದವಳು ಎಂಬ ಭೇದವೂ ಇಲ್ಲ. ಮೂರು ಎಕರೆ ಜಮೀನು, ಹೆಂಡತಿ, ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳಿದ್ದಾರೆ ಎನ್ನಿ. ತಾಯಿಗೆ ಒಂದು ಎಕರೆ. ನಾಲ್ವರು ಮಕ್ಕಳಿಗೂ ತಲಾ ಇಪ್ಪತ್ತು ಗುಂಟೆ. ಲೆಕ್ಕ ಇಷ್ಟೇ.

ನಮ್ಮ ಹಿಂದೂ ನೆರೆಹೊರೆಯವರ ಹೆಣ್ಣುಮಕ್ಕಳು ಈ ಸಮಪಾಲಿಗೆ ಬಹಳ ಕಾಲ ಕಾಯಬೇಕಾಯಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗಾಗಿ ಒಂದು ಕಾಯಿದೆ ತಂದು ದಾರಿ ತೋರಿಸಿತ್ತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ನಮ್ಮ ಕಾನೂನು ಅವರಿಗಿಂತ ಎಷ್ಟೋ ದಶಕ ಮೊದಲು ಸಮಪಾಲು ಹೇಳಿತ್ತು. ಹಾಗಿದ್ದೂ ನಮ್ಮ ಹೆಣ್ಣುಮಕ್ಕಳ ಕೈ ಬರಿದಾಗಿದ್ದರೆ ತಪ್ಪು ಕಾನೂನಿನದಲ್ಲ, ನಮ್ಮದು.

ಎಚ್.ಡಿ. ಕೋಟೆಯ ಗಡಿಯಾಚೆಗಿನ ಕೇರಳದ ಪ್ರಸಂಗವನ್ನೂ ನೆನೆಯಬೇಕು. ಹಳೆಯ ತಿರುವಾಂಕೂರು ಸೀಮೆಯ ಕ್ರೈಸ್ತರಿಗೆ 1916ರ ಒಂದು ಕಾಯಿದೆ ಇತ್ತು. ಅದರ ಪ್ರಕಾರ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಇಲ್ಲವೇ ಐದು ಸಾವಿರ ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕೊಟ್ಟಾಯಂನಲ್ಲಿ ಶಾಲೆ ನಡೆಸುತ್ತಿದ್ದ ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1986ರ ಫೆಬ್ರವರಿ 24ರಂದು ತೀರ್ಪು ಬಂತು: ಅಲ್ಲಿಯ ಕ್ರೈಸ್ತರಿಗೂ 1925ರ ಕಾಯಿದೆಯೇ ಅನ್ವಯ, ಮಗನಿಗೂ ಮಗಳಿಗೂ ಸಮಪಾಲು. ಆಗ ಅದಕ್ಕೆ ಕ್ರೈಸ್ತ ಸಭೆಗಳೊಳಗಿಂದಲೇ ವಿರೋಧ ಎದ್ದಿತು. ಇದನ್ನು ನಾವು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಐವರು ಅಕ್ಕತಂಗಿಯರನ್ನು ಮೋಶೆ ಕೇಳಿಸಿಕೊಂಡಷ್ಟು ತಾಳ್ಮೆಯಿಂದ ನಾವು ನಮ್ಮ ಹೆಣ್ಣುಮಕ್ಕಳನ್ನು ಕೇಳಿಸಿಕೊಳ್ಳಲಿಲ್ಲ. 2022ರಲ್ಲಿ ಮೇರಿ ರಾಯ್ ತೀರಿಕೊಂಡರು. ಅವರು ಗೆದ್ದುಕೊಟ್ಟದ್ದು ಉಳಿದಿದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮ ಕಾಯಿದೆಯಲ್ಲಿ ತಂದೆ ಬದುಕಿರುವಾಗ ಮಗನಿಗಾಗಲಿ ಮಗಳಿಗಾಗಲಿ ಹುಟ್ಟಿನಿಂದ ಬಂದ ಪಾಲು ಇಲ್ಲ. ತಂದೆ ತನ್ನ ಆಸ್ತಿಯನ್ನು ಉಯಿಲಿನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. ಎಂದರೆ ಮಗಳ ಪಾಲು ಕೊನೆಗೆ ನಿಂತಿರುವುದು ತಂದೆಯ ಮನಸ್ಸಾಕ್ಷಿಯ ಮೇಲೆ. ಕಾನೂನು ಕೈಬಿಟ್ಟ ಜಾಗದಲ್ಲೇ ವಿಶ್ವಾಸದ ಪರೀಕ್ಷೆ ಆರಂಭವಾಗುತ್ತದೆ.

"ಆದರೆ ಸ್ವಾಮಿ..."

ಇಷ್ಟು ಹೇಳುತ್ತಲೇ ಕೇಳಿಬರುವ ಮಾತುಗಳಿವೆ. ಅವನ್ನು ತಳ್ಳಿಹಾಕದೆ ಒಂದೊಂದಾಗಿ ನೋಡೋಣ.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬುದು ಮೊದಲನೆಯದು. ಗಾದೆ ಹಳೆಯದಿರಬಹುದು, ಆದರೆ ಅದು ಶುಭಸಂದೇಶವಲ್ಲ. ಅವಳು ಜ್ಞಾನಸ್ನಾನ ಪಡೆದದ್ದು ನಿಮ್ಮ ಮನೆಯ ಮಗಳಾಗಿ. ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಸಂತ ಪೌಲರು ಬರೆದರು (ಗಲಾತ್ಯ 3:28). ದೇವರ ರಾಜ್ಯಕ್ಕೆ ಸಮಾನ ಹಕ್ಕುದಾರಳಾದವಳು ಇಪ್ಪತ್ತು ಗುಂಟೆ ಹೊಲಕ್ಕೆ ಹಕ್ಕುದಾರಳಲ್ಲವೇ?

"ಮದುವೆಗೆ ಖರ್ಚು ಮಾಡಿದ್ದೇವೆ, ಒಡವೆ ಹಾಕಿದ್ದೇವೆ, ಅದೇ ಅವಳ ಪಾಲು" ಎಂಬುದು ಎರಡನೆಯದು. ವರದಕ್ಷಿಣೆ ಕೊಡುವುದೂ ಪಡೆಯುವುದೂ 1961ರಿಂದ ಅಪರಾಧ. ಅದು ಹಾಗಿರಲಿ, ಆ ಹಣ ಯಾರ ಕೈ ಸೇರಿತು? ಅಳಿಯನ ಕೈ, ಬೀಗರ ಕೈ, ಛತ್ರದವರ ಕೈ. ಮಗನ ಮದುವೆಗೂ ಖರ್ಚಾಯಿತಲ್ಲ, ಅದನ್ನು ಅವನ ಪಾಲಿನಿಂದ ಕಳೆದಿರೇ?

"ತಂದೆ ತಾಯಿಯನ್ನು ನೋಡಿಕೊಂಡವನು ಮಗ, ಸಾಲ ತೀರಿಸಿದವನು ಮಗ" ಎಂಬುದು ಮೂರನೆಯದು. ಇದರಲ್ಲಿ ಸತ್ಯವಿದೆ. ಎರಡು ಮೂರು ಎಕರೆಯ ಒಕ್ಕಲುತನದಲ್ಲಿ ಅವನೂ ಬಸವಳಿದಿದ್ದಾನೆ. ಹೊಲ ತುಂಡಾದರೆ ಯಾರಿಗೂ ಊಟವಿಲ್ಲ ಎಂಬ ಅವನ ಚಿಂತೆ ಸುಳ್ಳಲ್ಲ. ಹಾಗಿದ್ದರೆ ಸಾಲದ ಲೆಕ್ಕವನ್ನು ಅಕ್ಕತಂಗಿಯರ ಮುಂದೆ ಬಿಚ್ಚಿಡಲಿ. ಅವರ ಪಾಲಿನ ಬೆಲೆ ಕಟ್ಟಿ ಎರಡು ಮೂರು ವರ್ಷದಲ್ಲಿ ಕೊಡಲಿ. ಇಲ್ಲವೇ ಪಹಣಿಯಲ್ಲಿ ಎಲ್ಲರ ಹೆಸರಿರಲಿ, ಉಳುಮೆ ಅವನೇ ಮಾಡಲಿ, ಗುತ್ತಿಗೆಯಂತೆ ವರ್ಷಕ್ಕಿಷ್ಟು ಕೊಡಲಿ. ಮಾತಾಡಿ ಒಪ್ಪಿಕೊಂಡರೆ ದಾರಿ ನೂರಿದೆ. ಮಾತೇ ಆಡದೆ ಸಹಿ ಹಾಕಿಸಿಕೊಳ್ಳುವುದು ಮಾತ್ರ ದಾರಿಯಲ್ಲ.

ಇನ್ನು ಕೆಲವರು ಶುಭಸಂದೇಶವನ್ನೇ ತೋರಿಸುತ್ತಾರೆ. ಪಿತ್ರಾರ್ಜಿತದಲ್ಲಿ ಪಾಲು ಕೊಡುವಂತೆ ನನ್ನ ಸಹೋದರನಿಗೆ ಹೇಳಿ ಎಂದು ಬಂದವನನ್ನು ಯೇಸುಸ್ವಾಮಿಯೇ ಒಪ್ಪಲಿಲ್ಲವಲ್ಲ ಎನ್ನುತ್ತಾರೆ (ಲೂಕ 12:13-21). ಮುಂದಿನ ಸಾಲುಗಳನ್ನೂ ಓದಿ. ಸ್ವಾಮಿ ಅಲ್ಲಿ ಎಚ್ಚರಿಸಿದ್ದು ದುರಾಶೆಯ ವಿರುದ್ಧ. ಅದರ ಬೆನ್ನಿಗೇ ಹೇಳಿದ್ದು, ಇದ್ದ ಕಣಜ ಸಾಲದೆಂದು ಕೆಡವಿ ಇನ್ನೂ ದೊಡ್ಡದು ಕಟ್ಟಹೊರಟ ಧನಿಕನ ಕಥೆ. ಆ ರಾತ್ರಿಯೇ ಅವನ ಪ್ರಾಣ ಹೋಯಿತು. ಆ ಮಾತು ತನ್ನ ಪಾಲು ಕೇಳುವ ತಂಗಿಗೆ ಹೇಳಿದ್ದೋ, ಅವಳ ಪಾಲನ್ನೂ ಸೇರಿಸಿ ಕಣಜ ಕಟ್ಟುವ ಅಣ್ಣನಿಗೆ ಹೇಳಿದ್ದೋ? ಮೊಣಕಾಲೂರಿ ಯೋಚಿಸಿದರೆ ಉತ್ತರ ತಿಳಿಯುತ್ತದೆ.

ಗಂಡಂದಿರಿಗೂ ಒಂದು ಮಾತು. ಹೆಂಡತಿಯ ತವರಿನಿಂದ ಪಾಲು ತರಬೇಕೆಂದು ಅವಳನ್ನು ಹಿಂಸಿಸುವವನು ತನ್ನ ಸ್ವಂತ ತಂಗಿಗೆ ಪಾಲು ಕೊಟ್ಟಿದ್ದಾನೆಯೇ? ಹೆಂಡತಿಯ ಪಾಲು ಹೆಂಡತಿಯದು. ಅದು ನಿಮ್ಮ ಸಾಲಕ್ಕೆ ಇಟ್ಟ ಗಂಟಲ್ಲ.

ದುಡಿಮೆ ಯಾರದು, ಹೆಸರು ಯಾರದು?

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳನ್ನು ನೋಡಿ. ಸಸಿಮಡಿಗೆ ನೀರು ಹಾಕುವವಳು ಅವಳು, ನಾಟಿ ಹಾಕುವವಳು ಅವಳು, ಸೊಪ್ಪು ಮುರಿದು ಕಡ್ಡಿಗೆ ಕಟ್ಟುವವಳು ಅವಳು. ಬೆಂದ ಸೊಪ್ಪನ್ನು ಬ್ಯಾರನ್ನಿನಿಂದ ಇಳಿಸಿ ಬಣ್ಣ ನೋಡಿ ವಿಂಗಡಿಸುವವಳೂ ಅವಳೇ. ತಂಬಾಕು ಮಂಡಳಿಯ ನೋಂದಣಿ, ಬ್ಯಾರನ್ನಿನ ಲೈಸೆನ್ಸು, ಬ್ಯಾಂಕಿನ ಪಾಸ್‌ಬುಕ್ಕು ಮಾತ್ರ ಹೆಚ್ಚಿನ ಮನೆಗಳಲ್ಲಿ ಗಂಡಸಿನ ಹೆಸರಲ್ಲಿ. ಕೆ.ಆರ್. ನಗರದ ನಾಲೆ ಬಯಲಿನ ಗದ್ದೆಯಲ್ಲೂ ಬೆನ್ನು ಬಗ್ಗಿಸುವವಳು ಅವಳೇ. ಇಡೀ ದೇಶದ ಲೆಕ್ಕ ನೋಡಿದರೂ ಹೀಗೆಯೇ: 2015-16ರ ಕೃಷಿ ಗಣತಿಯಂತೆ ಹೆಂಗಸರ ಹೆಸರಿನಲ್ಲಿ ಸಾಗುವಳಿಯಾಗುವ ಹಿಡುವಳಿಗಳು ನೂರಕ್ಕೆ ಸುಮಾರು ಹದಿನಾಲ್ಕು. ಏಷ್ಯಾ ಖಂಡದ ಎಷ್ಟೋ ದೇಶಗಳ ಹಳ್ಳಿಗಳಲ್ಲಿ ಇದೇ ಹಾಡು.

ಹೆಸರಿಲ್ಲದಿದ್ದರೆ ಏನಾಗುತ್ತದೆ? ಗಂಡ ಸತ್ತರೆ ಗೊತ್ತಾಗುತ್ತದೆ. ಮೈದುನರು ಬಂದು ಹೊಲದ ಬದುವಿನ ಮೇಲೆ ನಿಲ್ಲುತ್ತಾರೆ. ಬ್ಯಾಂಕಿನವರು ಪಹಣಿ ಕೇಳುತ್ತಾರೆ. ಬೆಳೆ ಪರಿಹಾರ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ವಿಧವೆಯರ ಮನೆಗಳನ್ನು ನುಂಗಿ ನೀರು ಕುಡಿದು ನಟನೆಗೆ ಉದ್ದುದ್ದ ಜಪ ಮಾಡುವವರನ್ನು ಯೇಸುಸ್ವಾಮಿ ಎಷ್ಟು ಕಠಿಣವಾಗಿ ಖಂಡಿಸಿದರೆಂದು ಮಾರ್ಕನ ಶುಭಸಂದೇಶದಲ್ಲಿ ಓದಿ (12:40).

ಎಚ್.ಡಿ. ಕೋಟೆ, ಹುಣಸೂರು ಕಾಡಂಚಿನ ಹಾಡಿಗಳಲ್ಲಿರುವ ಜೇನುಕುರುಬರು, ಬೆಟ್ಟಕುರುಬರು, ಯರವರಿಗಾಗಿ ಬಂದ 2006ರ ಅರಣ್ಯ ಹಕ್ಕು ಕಾಯಿದೆ ಏನು ಹೇಳುತ್ತದೆ ಗೊತ್ತೇ? ಮದುವೆಯಾದವರಾದರೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಹಾಡಿಗೆ ಒಪ್ಪುವ ನ್ಯಾಯ ಊರಿಗೆ ಒಪ್ಪದೇ?

ಏಳನೆಯ ಕಟ್ಟಳೆ

ಪಾಪನಿವೇದನೆಯಲ್ಲಿ ನಾವು ಬೈದದ್ದು ಹೇಳುತ್ತೇವೆ, ಭಾನುವಾರದ ಪೂಜೆ ತಪ್ಪಿಸಿದ್ದು ಹೇಳುತ್ತೇವೆ, ಕುಡಿದದ್ದು ಹೇಳುತ್ತೇವೆ. ತಂಗಿಯ ಪಾಲನ್ನು ಇಟ್ಟುಕೊಂಡಿದ್ದೇನೆ ಎಂದು ಯಾರಾದರೂ ಹೇಳುತ್ತೇವೆಯೇ? ಅದು ಪಾಪವೆಂದೇ ನಮಗೆ ಅನ್ನಿಸಿಲ್ಲ. ಆದರೆ ಕಳ್ಳತನವನ್ನು ನಿಷೇಧಿಸುವ ಏಳನೆಯ ಕಟ್ಟಳೆಗೆ ಒಡಹುಟ್ಟಿದವಳ ಸೊತ್ತೆಂಬ ವಿನಾಯಿತಿ ಇಲ್ಲ. ಅನ್ಯಾಯವಾಗಿ ಪಡೆದದ್ದನ್ನು ಅದರ ಒಡೆಯರಿಗೆ ಹಿಂದಿರುಗಿಸಬೇಕೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಪಶ್ಚಾತ್ತಾಪವೆಂದರೆ ಕಣ್ಣೀರು ಮಾತ್ರವಲ್ಲ, ಲೆಕ್ಕ ಚುಕ್ತಾ ಮಾಡುವುದೂ ಹೌದು. ಜಕ್ಕಾಯ ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡು ಸುಮ್ಮನಾಗಲಿಲ್ಲ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದ (ಲೂಕ 19:8). ನಮ್ಮಿಂದ ನಾಲ್ಕರಷ್ಟು ಯಾರೂ ಕೇಳುತ್ತಿಲ್ಲ. ಅವಳದಷ್ಟನ್ನೇ ಕೊಡಿ.

ಅಕ್ಕತಂಗಿಯರು ಸ್ವಇಚ್ಛೆಯಿಂದ ಬಿಟ್ಟುಕೊಡುವುದೇ ಇಲ್ಲವೇ? ಉಂಟು. ತಮ್ಮನ ಬಡತನ ನೋಡಿ, ಅವನ ಅಂಗವಿಕಲ ಮಗನನ್ನು ನೋಡಿ, ಮನಸಾರೆ ಕೊಟ್ಟವರಿದ್ದಾರೆ. ಅದು ದೊಡ್ಡ ತ್ಯಾಗ, ದೇವರು ಅದನ್ನು ಬಲ್ಲರು. ಆದರೆ ದಾನ ಕೊಡಬೇಕಾದರೆ ಅದು ಮೊದಲು ತನ್ನದೆಂದು ಅವಳಿಗೆ ಗೊತ್ತಿರಬೇಕು, ಕೊಡೆನೆಂದು ಹೇಳುವ ಸ್ವಾತಂತ್ರ್ಯವೂ ಇರಬೇಕು. ಇವೆರಡೂ ಇಲ್ಲದ ಕಡೆ ದಾನವಿಲ್ಲ, ದೋಚುವಿಕೆ ಮಾತ್ರ.

ಮನೆಯಲ್ಲಿ ಮಾಡಬೇಕಾದದ್ದು

ತಂದೆ ತಾಯಂದಿರೇ, ಕೈಕಾಲು ಗಟ್ಟಿಯಿರುವಾಗಲೇ ಮಕ್ಕಳೆಲ್ಲರನ್ನೂ, ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿ. ಉಯಿಲು ಬರೆಯುವುದಾದರೆ ನ್ಯಾಯವಾಗಿ ಬರೆಯಿರಿ. ಇಬ್ಬರು ಸಾಕ್ಷಿಗಳಿರಲಿ, ಪಾಲು ಪಡೆಯುವವರೂ ಅವರ ಗಂಡ ಅಥವಾ ಹೆಂಡತಿಯೂ ಸಾಕ್ಷಿಯಾಗದಿರಲಿ. ತಾಯಂದಿರು ಮಗನ ಪಕ್ಷ ವಹಿಸಿ ಮಗಳ ಬಾಯಿ ಮುಚ್ಚಿಸಬೇಡಿ. ನಿಮಗೆ ಆದದ್ದೇ ಅವಳಿಗೂ ಆಗಬೇಕೇ?

ಅಣ್ಣತಮ್ಮಂದಿರೇ, ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ತಾಯಿ ಮತ್ತು ಮಕ್ಕಳೆಲ್ಲರ ಹೆಸರಿನಲ್ಲೂ ಜಂಟಿಯಾಗಿ ಖಾತೆ ಮಾಡಿಸಬಹುದು.

ಸಹೋದರಿಯರೇ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮನೆಗೆ ಹೋಗಿ ಯೋಚಿಸಿ ಹೇಳುತ್ತೇನೆ ಎನ್ನುವುದು ಜಗಳವಲ್ಲ. ಪಹಣಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ. ಮೋಸದಿಂದ ಪಡೆದ ಸಹಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಆದರೆ ತಡಮಾಡಬಾರದು. 1987ರ ಕಾಯಿದೆಯಂತೆ ಪ್ರತಿ ಹೆಣ್ಣಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಒಬ್ಬಳೇ ಹೋಗಲು ಅಳುಕಾದರೆ ನಿಮ್ಮ ಮಹಿಳಾ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಐವರೂ ಒಟ್ಟಿಗೇ ಹೋಗಿದ್ದರು.

ಈ ವಾರ ಸಂಜೆಯ ಜಪಸರದ ನಂತರ ಸಂಖ್ಯಾಕಾಂಡದ ಆ ಹನ್ನೊಂದು ವಚನಗಳನ್ನು ಮನೆಯವರೆಲ್ಲ ಕೂಡಿ ಓದಿ. ಓದುವವಳು ಮನೆಯ ಮಗಳಾಗಿರಲಿ. ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಹೊಲದ ಮಣ್ಣಿನಲ್ಲಿ ಯಾರ ಪಾಲು ಹೂತುಹೋಗಿದೆ?

ಪ್ರಾರ್ಥಿಸೋಣ: ಸರ್ವರಿಗೂ ತಂದೆಯಾದ ದೇವರೇ, ನಿಮ್ಮ ಮನೆಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಪಾಲು ಇಟ್ಟಿದ್ದೀರಿ. ನಮ್ಮ ಮನೆಯಲ್ಲೂ ಹಾಗೆಯೇ ಹಂಚಿಕೊಳ್ಳುವ ಮನಸ್ಸು ಕೊಡಿ. ಕೊಡಬೇಕಾದವರಿಗೆ ಧೈರ್ಯವನ್ನೂ, ಕೇಳಬೇಕಾದವರಿಗೆ ಮಾತನ್ನೂ ಅನುಗ್ರಹಿಸಿ. ಸಂತ ಅಂತೋಣಿಯವರ ಬಿನ್ನಹದಿಂದ ಕಳೆದುಹೋದದ್ದು ಮರಳಿ ಸಿಗಲಿ. ಅದರ ಜೊತೆಗೆ ದೂರವಾದ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಒಬ್ಬರಿಗೊಬ್ಬರು ಸಿಗಲಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.